ವಾತ ಇರೋರ ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ರೆ ಏನ್ ಮಾಡ್ಬೇಕು, ನಮ್ ಮಲ್ನಾಡಿನೋರಿಗೆ

ಆರ್‌ಎ, ಅಂದ್ರೆ ರುಮಟಾಯ್ಡ್ ಆರ್ಥ್ರೈಟಿಸ್ ಅನ್ನೋ ಕೀಲುವಾತ ಇರೋರು ಕಾಲು ನೋವು ಅಂದ್ರೆ ಸಾಕು, ಮನೇಲಿ ಎಲ್ರೂ ಹೇಳೋದು ಒಂದೇ, ವಾತ ಅಲ್ವಾ, ಮಳೆ ಬೇರೆ ಹಿಡ್ಕೊಂಡಿದೆ, ಥಂಡಿಗೆ ಜಾಸ್ತಿಯಾಗಿರತ್ತೆ, ಎಣ್ಣೆ ಬಿಸಿ ಮಾಡಿ ತಿಕ್ಕೋಣ ಅಂತ. ಎರಡೂ ಕಾಲಿನ ಕೀಲು ನೋಯ್ತಿದ್ರೆ ಅದು ವಾತಾನೇ ಇರ್ಬಹುದು, ಆದ್ರೆ ಒಂದೇ ಕಾಲು, ಅದೂ ಕೀಲಲ್ಲ, ಮೀನಖಂಡ ಊದ್ಕೊಂಡು ಬಿಗಿಯಾಗಿ ಬಿಸಿಯಾಗಿದ್ರೆ ದಯವಿಟ್ಟು ತಿಕ್ಕೋಕೆ ಹೋಗ್ಬೇಡಿ, ಒಳಗೆ ಹೆಪ್ಪು ಇದ್ರೆ ಅದು ಬಿಟ್ಕೊಂಡು ಶ್ವಾಸಕೋಶಕ್ಕೆ ಹೋಗ್ಬಹುದು.

ಆರ್‌ಎ ಬರೀ ಕೀಲಿನ ಕಾಯಿಲೆ ಅಲ್ಲ. ಮೈಯಲ್ಲಿ ಉರಿಯೂತ ಇದ್ದಷ್ಟು ದಿನ ರಕ್ತ ಹೆಪ್ಪುಗಟ್ಟೋ ಗುಣಾನೂ ಜಾಸ್ತಿ ಇರತ್ತೆ, ಜೊತೆಗೆ ನೋವು ಅಂತ ಓಡಾಟ ಕಮ್ಮಿ, ಸ್ಟಿರಾಯ್ಡ್ ಮಾತ್ರೆ, ಕೆಲವ್ರಿಗೆ ಮಂಡಿ ಆಪರೇಷನ್, ಎಲ್ಲಾ ಸೇರ್ಕೊಳತ್ತೆ. ಆರ್‌ಎಗೆ ಕೊಡೋ ಟೋಫಾಸಿಟಿನಿಬ್ ತರದ ಮಾತ್ರೆ ತಗೊಳ್ಳೋರು ಇನ್ನೂ ಹುಷಾರಾಗಿರ್ಬೇಕು, ಅದ್ರಿಂದ ಹೆಪ್ಪುಗಟ್ಟೋ ಅಪಾಯ ಇದೆ ಅಂತ 2021ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ದೊಡ್ಡ ಎಚ್ಚರಿಕೇನೇ ಹಾಕ್ಸಿದೆ. ಹಾಗಂತ ನೀವಾಗೇ ನಿಲ್ಲಿಸ್ಬೇಡಿ, ಬರ್ಕೊಟ್ಟ ಡಾಕ್ಟ್ರ ಹತ್ರಾನೇ ಕೇಳಿ.

ಅನುಮಾನ ಬಂದ್ರೆ ಮನೇಲೇ ಅಳೆದು ನೋಡ್ಬಹುದು. ಟೈಲರ್ ಟೇಪ್ ತಗೊಳ್ಳಿ, ಮಂಡಿಚಿಪ್ಪಿನ ಕೆಳಗೆ ಕೈಗೆ ಸಿಗೋ ಮೂಳೆ ಉಬ್ಬು ಇದ್ಯಲ್ಲ, ಅಲ್ಲಿಂದ 10 ಸೆಂ.ಮೀ. ಕೆಳಗೆ ಪೆನ್ನಲ್ಲಿ ಗುರುತು ಹಾಕಿ ಎರಡೂ ಕಾಲಿನ ಸುತ್ತಳತೆ ನೋಡಿ. 3 ಸೆಂ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಇದ್ರೆ ಅವತ್ತೇ ಡಾಪ್ಲರ್ ಸ್ಕ್ಯಾನ್, ಅಂದ್ರೆ ರಕ್ತನಾಳ ನೋಡೋ ಸ್ಕ್ಯಾನ್ ಆಗ್ಬೇಕು. ಕಮ್ಮಿ ಇದ್ದು ಊತ, ನೋವು ಹೊಸದಾಗಿದ್ರೂ ಹೋಗ್ಬೇಕು, ಟೇಪ್ ನೋಡಿ ಸಮಾಧಾನ ಮಾಡ್ಕೊಳ್ಳೋದಲ್ಲ. ತೀರ್ಥಹಳ್ಳಿ, ಹೊಸನಗರ ಕಡೆಯೋರು ಶಿವಮೊಗ್ಗಕ್ಕೆ ಹೊರಡೋ ಮುಂಚೆ, ಮೆಗ್ಗಾನ್ ಸರ್ಕಾರಿ ಆಸ್ಪತ್ರೆ ಆಗ್ಲಿ ಪ್ರೈವೇಟ್ ಆಗ್ಲಿ, ಸ್ಕ್ಯಾನಿಂಗ್ ಡಾಕ್ಟ್ರು ಇದಾರಾ ಅಂತ ಒಂದು ಫೋನ್ ಮಾಡ್ಕೊಳ್ಳಿ. ಆದ್ರೆ ಇದ್ದಕ್ಕಿದ್ದಂಗೆ ಉಸಿರು ಕಟ್ಟೋದು, ಉಸಿರೆಳೆದ್ರೆ ಎದೆ ಚುಚ್ಚೋದು, ಕೆಮ್ಮಿದ್ರೆ ರಕ್ತ, ತಲೆ ಸುತ್ತಿ ಬೀಳೋದು, ಇದ್ಯಾವುದಾದ್ರೂ ಆದ್ರೆ ಫೋನು ವಿಚಾರಣೆ ಏನೂ ಬೇಡ, ಸೀದಾ 108.

ಹೆಪ್ಪಿನ ಸುಳಿವು ನೋಡೋಕೆ ಡಿ-ಡೈಮರ್ ಅಂತ ಒಂದು ರಕ್ತ ಪರೀಕ್ಷೆ ಮಾಡ್ತಾರೆ, ಆರ್‌ಎ ಇರೋ ನಮಗೆ ಉರಿಯೂತದಿಂದಾನೇ ಅದು ಜಾಸ್ತಿ ಬರೋದುಂಟು, ಹಾಗಾಗಿ ಅದೊಂದನ್ನೇ ನೋಡಿ ಗಾಬರಿಯಾಗ್ಬೇಡಿ. ಇನ್ನೊಂದು, ಮಂಡಿ ಹಿಂದೆ ನೀರು ತುಂಬಿದ ಗಂಟು, ಬೇಕರ್ಸ್ ಸಿಸ್ಟ್ ಅಂತಾರೆ, ಅದು ಒಡೆದ್ರೂ ಮೀನಖಂಡ ಥೇಟ್ ಹೀಗೇ ಊದ್ಕೊಳತ್ತೆ. ಕಣ್ಣಲ್ಲಿ ನೋಡಿ ಯಾವುದು ಅಂತ ಹೇಳೋಕಾಗಲ್ಲ, ಸ್ಕ್ಯಾನೇ ಆಗ್ಬೇಕು.

ಹೆಪ್ಪು ಇದೆ ಅಂತಾದ್ರೆ ರಕ್ತ ತೆಳು ಮಾಡೋ ಔಷಧಿ ಸಾಮಾನ್ಯವಾಗಿ ಕನಿಷ್ಠ 3 ತಿಂಗಳು. ಶುರುನಲ್ಲಿ ಹೊಟ್ಟೆ ಚರ್ಮಕ್ಕೆ ಇಂಜೆಕ್ಷನ್ ಕೊಟ್ರೆ, ನಮ್ ಬೆರಳಿಗೆ ಸಿರಿಂಜ್ ಒತ್ತೋಕೆ ಆಗಲ್ಲ, ಮನೇಲಿ ಒಬ್ರಿಗೆ ಕಲಿಸ್ಕೊಡಿ ಅಂತ ನರ್ಸ್ ಹತ್ರ ಬಾಯಿಬಿಟ್ಟು ಕೇಳಿ. ಈ ಔಷಧಿ ನಡೀತಿರುವಾಗ ಡೈಕ್ಲೋಫೆನಾಕ್, ಐಬುಪ್ರೊಫೆನ್, ಮೆಡಿಕಲ್ ಶಾಪಲ್ಲಿ ಕೇಳಿದ್ ತಕ್ಷಣ ಕೊಡೋ ನೋವಿನ ಮಾತ್ರೆಗಳು ಬೇಡವೇ ಬೇಡ, ಹೊಟ್ಟೆಯೊಳಗೆ ರಕ್ತಸ್ರಾವ ಆಗ್ಬಹುದು. ಕಪ್ಪಗೆ ಟಾರಿನಂಗೆ ಮಲ ಹೋದ್ರೆ ಆಸ್ಪತ್ರೆಗೆ ಹೋಗಿ. ಆರ್‌ಎಗೆ ಕೊಡೋ ಮೆಥೊಟ್ರೆಕ್ಸೇಟ್ ವಾರಕ್ಕೊಂದ್ಸಲ, ರಕ್ತ ತೆಳು ಮಾಡೋ ಮಾತ್ರೆ ದಿನಾ, ಎರಡನ್ನೂ ಒಂದೇ ಡಬ್ಬಿಲಿ ಇಡ್ಬೇಡಿ ಮಾರಾಯ್ರೆ, ಮೆಥೊಟ್ರೆಕ್ಸೇಟ್ ದಿನಾ ನುಂಗಿದ್ರೆ ಜೀವಕ್ಕೇ ಕುತ್ತು.

ರಕ್ತ ತೆಳು ಮಾಡೋಕೆ ವಾರ್ಫರಿನ್ ಅಥವಾ ಅಸಿಟ್ರೋಮ್ ಮಾತ್ರೆ ಕೊಟ್ಟಿದ್ರೆ, ರಕ್ತ ಎಷ್ಟು ತೆಳುವಾಗಿದೆ ಅಂತ ತೋರಿಸೋ ಐಎನ್ಆರ್ ಪರೀಕ್ಷೆ ಸಾಮಾನ್ಯವಾಗಿ 2ರಿಂದ 3ರೊಳಗೆ ಇರ್ಬೇಕು. ಸೊಪ್ಪು ಬಿಡ್ಬೇಕಾಗಿಲ್ಲ, ಆದ್ರೆ ಒಂದು ವಾರ ಏನೂ ಇಲ್ದೆ ಇನ್ನೊಂದು ವಾರ ದಿನಾ ನುಗ್ಗೆಸೊಪ್ಪು, ಬಸಳೆ, ಪತ್ರೊಡೆ ಅಂತ ಮಾಡ್ಬೇಡಿ, ಹೆಚ್ಚುಕಮ್ಮಿ ಒಂದೇ ಅಳತೆಲಿ ತಿನ್ನಿ.

ಮಳೆಗಾಲದಲ್ಲಿ ತೋಟಕ್ಕೆ ಹೋಗೋರಿಗೆ ಉಂಬಳದ್ದು (ಜಿಗಣೆ) ಬೇರೆ ಕಾಟ. ಅದ್ರ ಎಂಜಲೇ ರಕ್ತ ಹೆಪ್ಪುಗಟ್ಟದಂಗೆ ಮಾಡತ್ತೆ, ಅದ್ರ ಮೇಲೆ ನಮ್ ಮಾತ್ರೆ, ಹಾಗಾಗಿ ಕಚ್ಚಿದ ಜಾಗದಿಂದ ರಕ್ತ ಸೋರ್ತಾನೇ ಇರತ್ತೆ. ಉದ್ದ ಸಾಕ್ಸ್, ಗಮ್‌ಬೂಟು ಹಾಕ್ಕೊಳ್ಳಿ. ಕಚ್ಚಿದ್ರೆ ಒಣ ಬಟ್ಟೆ ಇಟ್ಟು 15 ನಿಮಿಷ ಬಿಡದೆ ಒತ್ತಿ ಹಿಡೀರಿ, ಮಧ್ಯೆ ಮಧ್ಯೆ ತೆಗೆದು ನೋಡ್ಬೇಡಿ. ಆಮೇಲೂ ನಿಲ್ಲದೇ ಇದ್ರೆ ಡಾಕ್ಟ್ರ ಹತ್ರ ಹೋಗಿ.

ಹೆಪ್ಪು ಅಂದ್ರೆ ಮಂಚ ಬಿಟ್ಟು ಏಳಬಾರದು ಅನ್ನೋದು ಹಳೇ ಮಾತು, ಔಷಧಿ ಶುರುವಾದ್ಮೇಲೆ ಡಾಕ್ಟ್ರು ಬೇಡ ಅನ್ನದಿದ್ರೆ ನಡೀಬಹುದು, ನಡೀಲೇಬೇಕು. ಅಡಿಕೆ ಸುಲಿಯೋ ಕಾಲದಲ್ಲಿ ಮೆಟ್ಟುಗತ್ತಿ ಮುಂದೆ ಕಾಲು ಮಡಚಿ ರಾತ್ರಿ ತನಕ ಕೂರೋದು ಮಾತ್ರ ಬೇಡ, ಗಂಟೆಗೊಂದ್ಸಲ ಎದ್ದು ಅಂಗಳದಲ್ಲಿ ಓಡಾಡಿ. ಬೆಂಗ್ಳೂರಿಗೆ ಹೋಗ್ಬೇಕಾದ್ರೆ ಬಸ್ಸಿಗಿಂತ ರೈಲು ವಾಸಿ, ಎದ್ದು ಓಡಾಡ್ಬಹುದು. ಬಸ್ಸೇ ಗತಿ ಅಂದ್ರೆ ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸ್ತಾ ಇರಿ, ನೀರು ಕುಡೀರಿ.

3 ತಿಂಗಳು ಮುಗೀತು, ಊತ ಇಳೀತು ಅಂತ ನೀವಾಗೇ ಮಾತ್ರೆ ಬಿಡ್ಬೇಡಿ. ಆರ್‌ಎ ಇನ್ನೂ ಹತೋಟಿಗೆ ಬಂದಿಲ್ಲ ಅಂದ್ರೆ ಮುಂದುವರಿಸೋಣ ಅನ್ನಬಹುದು, ಹಾಗಾಗಿ 3 ತಿಂಗಳಾದ್ಮೇಲೆ ಡಾಕ್ಟ್ರ ಹತ್ರ ಹೋಗುವಾಗ ಉರಿಯೂತ ಎಷ್ಟಿದೆ ಅಂತ ತೋರಿಸೋ ಇಎಸ್ಆರ್, ಸಿಆರ್‌ಪಿ ರಿಪೋರ್ಟು, ಹಳೇ ಡಾಪ್ಲರ್, ಈಗ ತಗೋತಿರೋ ಎಲ್ಲಾ ಮಾತ್ರೆ ಸ್ಟ್ರಿಪ್ಪು, ಊರಿನ ಕಷಾಯ ಕುಡೀತಿದ್ರೆ ಅದನ್ನೂ ಸೇರಿಸಿ ಒಂದು ಚೀಲಕ್ಕೆ ಹಾಕ್ಕೊಂಡು ಹೋಗಿ.