ಮತ್ತೆ ಫೋನ್ ಮಾಡಿ ವಿವರಿಸಬೇಕಾಗದಂತೆ ಕಚೇರಿಯ ಇಮೇಲ್ ಬರೆಯುವುದು ಹೇಗೆ?

ಇಮೇಲ್ ಕಳಿಸಿದ ಐದೇ ನಿಮಿಷಕ್ಕೆ ‘ಮೇಲ್ ನೋಡಿದಿರಾ?’ ಎಂದು ಫೋನ್ ಮಾಡುವ ರೂಢಿ ಕಚೇರಿಗಳಲ್ಲಿ ಇಬ್ಬರ ಸಮಯವನ್ನೂ ನುಂಗುತ್ತದೆ. ಬಹಳಷ್ಟು ಸಲ ಇದಕ್ಕೆ ಕಾರಣ ಪತ್ರ ಪಡೆದವರ ಉದಾಸೀನವಲ್ಲ. ಯಾರು, ಏನನ್ನು, ಯಾವಾಗ ಮಾಡಬೇಕೆಂಬುದು ಪತ್ರದಲ್ಲೇ ಸ್ಪಷ್ಟವಾಗಿರುವುದಿಲ್ಲ.

ಮೊದಲು ವಿಷಯದ ಸಾಲನ್ನು ಬರೆಯಿರಿ. ‘ಅರ್ಜೆಂಟ್’ ಎಂದಷ್ಟೇ ಬರೆದರೆ ಏನೂ ತಿಳಿಯದು; ‘ಪ್ರವಾಸ ಭತ್ಯೆ ಬಿಲ್: ಶುಕ್ರವಾರದೊಳಗೆ ನಿಮ್ಮ ಒಪ್ಪಿಗೆ ಬೇಕು’ ಎಂದಿದ್ದರೆ ಪತ್ರ ತೆರೆಯುವ ಮುನ್ನವೇ ಕೆಲಸ ಯಾವುದೆಂದು ಗೊತ್ತಾಗುತ್ತದೆ.

ಕೆಲಸ ಮಾಡಬೇಕಾದವರ ವಿಳಾಸ ‘ಟು’ನಲ್ಲಿರಲಿ, ತಿಳಿದಿದ್ದರೆ ಸಾಕು ಎನ್ನುವವರದು ‘ಸಿಸಿ’ಯಲ್ಲಿರಲಿ. ಸಹೋದ್ಯೋಗಿಯ ಮೇಲೆ ಒತ್ತಡ ತರಲೆಂದೇ ಮೇಲಧಿಕಾರಿಯನ್ನು ಸಿಸಿಗೆ ಸೇರಿಸುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಮೊದಲು ಆ ಸಹೋದ್ಯೋಗಿಯೊಡನೆಯೇ ಮಾತನಾಡಬೇಕು. ಇಡೀ ವಿಭಾಗಕ್ಕೆ ಹೋಗುವ ಸುತ್ತೋಲೆಯಾದರೆ ವಿಳಾಸಗಳನ್ನು, ಪಡೆದವರಿಗೆ ಪರಸ್ಪರ ಕಾಣದ ‘ಬಿಸಿಸಿ’ಯಲ್ಲಿ ಹಾಕಿ, ಆಗ ಯಾರಾದರೂ ‘ರಿಪ್ಲೈ ಆಲ್’ ಒತ್ತಿದರೂ ಅವರ ಉತ್ತರ ಎಲ್ಲರ ಇನ್‌ಬಾಕ್ಸ್‌ಗೆ ಹೋಗದು.

ಕನ್ನಡದಲ್ಲಿ ವ್ಯವಹರಿಸುವ ಕಚೇರಿಗಳಿಗೆ ಇನ್ನೊಂದು ತೊಡಕಿದೆ. ‘ನುಡಿ’ ಅಥವಾ ‘ಬರಹ’ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ, ಯುನಿಕೋಡ್ (ಪ್ರತಿ ಅಕ್ಷರಕ್ಕೂ ಎಲ್ಲ ಸಾಧನಗಳಲ್ಲೂ ಒಂದೇ ಸಂಕೇತ ಕೊಡುವ ಪದ್ಧತಿ) ಅಲ್ಲದ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತದೊಳಗೆ ಇರುವುದು ಲ್ಯಾಟಿನ್ ಚಿಹ್ನೆಗಳ ಸಂಕೇತಗಳೇ. ಅವಕ್ಕೆ ಕನ್ನಡದ ಆಕಾರ ಕೊಡುವುದು ಆ ಫಾಂಟ್ ಮಾತ್ರವಾದ್ದರಿಂದ, ಅದಿಲ್ಲದ ಕಂಪ್ಯೂಟರ್ ಅಥವಾ ಮೊಬೈಲಿನಲ್ಲಿ ಪತ್ರ ತೆರೆದವರಿಗೆ ಅರ್ಥವಿಲ್ಲದ ಗುರುತುಗಳಷ್ಟೇ ಕಾಣುತ್ತವೆ. ಆದ್ದರಿಂದ ಪತ್ರದ ಒಡಲನ್ನು ಯುನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ಕಡತವನ್ನು ಪರಿವರ್ತಕದ ಮೂಲಕ ಯುನಿಕೋಡ್‌ಗೆ ತನ್ನಿ, ಇಲ್ಲವೇ ಫಾಂಟ್ ಅಡಕವಾದ ಪಿಡಿಎಫ್ ಮಾಡಿ ಲಗತ್ತಿಸಿ. ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಗಮನವಿಟ್ಟು ನೋಡಿ. ಹೆಸರುಗಳು ಕೆಡುವುದು ಅಲ್ಲೇ. ಜಿಮೇಲ್‌ನಲ್ಲಿ ಲಗತ್ತುಗಳ ಮಿತಿ 25 ಎಂಬಿ. ಅದನ್ನು ಮೀರಿದರೆ ಗೂಗಲ್ ಡ್ರೈವ್ ಕೊಂಡಿ ಕಳಿಸುವಾಗ, ತೆರೆಯುವ ಅನುಮತಿ ಎದುರಿನವರಿಗೆ ಸಿಕ್ಕಿದೆಯೇ ಎಂದು ಪರೀಕ್ಷಿಸಿ.

ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ‘ಅನ್‌ಡು ಸೆಂಡ್’ (ಕಳಿಸಿದ ಪತ್ರವನ್ನು ಹಿಂದಕ್ಕೆ ಪಡೆಯುವ ಸೌಲಭ್ಯ) ಅವಧಿಯನ್ನು 30 ಸೆಕೆಂಡಿಗೆ ಏರಿಸಿಕೊಳ್ಳಿ. ಲಗತ್ತು ಮರೆತದ್ದು ನೆನಪಾಗುವುದು ಸಾಮಾನ್ಯವಾಗಿ ಸೆಂಡ್ ಒತ್ತಿದ ಮೇಲೆಯೇ.

ಒಂದೇ ವಿಷಯಕ್ಕೆ ಪತ್ರಗಳು ಮೂರು ಸಲ ಹೋಗಿಬಂದರೂ ಇತ್ಯರ್ಥವಾಗದಿದ್ದರೆ, ಅಥವಾ ಹೇಳಬೇಕಾದ ಮಾತು ಎದುರಿನವರಿಗೆ ನೋವು ತರುವಂಥದ್ದಾದರೆ, ಫೋನೇ ಸರಿಯಾದ ದಾರಿ. ಕರೆಗೆ ಮುನ್ನ ವಿಷಯವೇನು, ಎಷ್ಟು ಹೊತ್ತು ಬೇಕು ಎಂದು ಒಂದು ಸಾಲಿನ ಸಂದೇಶ ಕಳಿಸಿ. ಮಾತು ಮುಗಿದ ಕೂಡಲೇ ತೀರ್ಮಾನವನ್ನು ಅದೇ ಇಮೇಲ್ ಸರಣಿಗೆ ಉತ್ತರವಾಗಿ ಬರೆದು ಸೇರಿಸಿದರೆ, ನಾಳೆ ಅದೇ ಕೆಲಸ ವಹಿಸಿಕೊಳ್ಳುವವರಿಗೂ ಅದು ಹುಡುಕಿದಾಗ ಸಿಗುತ್ತದೆ.