ಮಗಳಿಗೆ ಜರ್ಮನ್ ಹೆಸರನ್ನು ನಾನು ಆರಿಸಿದ ಬಗೆ

ನನ್ನ ಪತಿ ಬವೇರಿಯಾದವರು, ನಾನು ಶಿವಮೊಗ್ಗ ಜಿಲ್ಲೆಯವಳು. ಮ್ಯೂನಿಕ್‌ನಲ್ಲಿ ಹುಟ್ಟಲಿದ್ದ ಮಗುವಿಗೆ ಒಂದು ಜರ್ಮನ್ ಹೆಸರು, ಒಂದು ಕನ್ನಡದ ಹೆಸರು ಇರಲೆಂದು ಇಬ್ಬರೂ ಒಪ್ಪಿದ್ದೆವು. ಜರ್ಮನ್ ಹೆಸರನ್ನು ನಾನೂ ಕನ್ನಡದ್ದನ್ನು ತಾವೂ ಆರಿಸುವುದೆಂಬ ಸಲಹೆ ಅವರದು. ಜರ್ಮನಿಯಲ್ಲಿ ಜನನವನ್ನು ಒಂದು ವಾರದೊಳಗೆ ನೋಂದಣಿ ಕಚೇರಿಗೆ ತಿಳಿಸಬೇಕು, ಹೆಸರಿಗೆ ಮಾತ್ರ ಒಂದು ತಿಂಗಳ ಅವಕಾಶವಿದೆ. ಹನ್ನೊಂದನೆಯ ದಿನಕ್ಕೇ ನಾಮಕರಣ ಮುಗಿಸುವ ನಮ್ಮ ಮನೆಯವರಿಗೆ ಇದು ಧಾರಾಳವೆನಿಸಿತಾದರೂ ನಾನು ಹೆರಿಗೆಗೆ ಬಹಳ ಮೊದಲೇ ಪಟ್ಟಿ ಬರೆಯತೊಡಗಿದ್ದೆ.

ಮೊದಲು ಕಿವಿಯನ್ನೇ ನಂಬಿದೆ. ಪ್ರತಿಯೊಂದು ಹೆಸರನ್ನೂ ಕನ್ನಡ ಲಿಪಿಯಲ್ಲಿ ಬರೆದು, ಫೋನಿನಲ್ಲಿ ಅಮ್ಮನಿಂದ ಹೇಳಿಸುತ್ತಿದ್ದೆ. ಹ್ರಸ್ವ ದೀರ್ಘಗಳೆರಡೂ ಇರುವ ನಮ್ಮ ಎಕಾರ, ಒಕಾರಗಳಿಂದಾಗಿ ಒಟ್ಟೊ, ಏಮೀಲ್, ಗ್ರೇಟಾ ಎಂಬವು ಸಲೀಸಾಗಿ ದಕ್ಕಿದವು. ಯೊಹಾನಾ ನನಗೆ ಬಹಳ ಪ್ರಿಯವಾದ ಹೆಸರು, ಆದರೆ ಅದರ ರೋಮನ್ ಅಕ್ಷರಗಳನ್ನು ಕಂಡ ನಮ್ಮೂರಿನವರೆಲ್ಲ ಜೊಹಾನಾ ಎಂದೇ ಓದುತ್ತಾರೆ. ಯಾಕೊಬ್ ಎಂಬುದಕ್ಕೂ ಅದೇ ಗತಿ. ಅಲ್‌ಬ್ರೆಖ್ಟ್ ಎಂಬ ಹೆಸರಿನ ಕೊನೆಯ ವ್ಯಂಜನಗಳ ಗಂಟು ನನ್ನ ನಾಲಿಗೆಗೇ ಒಗ್ಗಲಿಲ್ಲ. ಎಂ. ಜಿ. ರಸ್ತೆಯ ಪ್ರತಿಮೆಯಿಂದಲೂ 1894ರ ನಿಘಂಟಿನಿಂದಲೂ ನಮಗೆ ಆಪ್ತವಾದ ಕಿಟ್ಟೆಲ್ಲರ ಫರ್ಡಿನಾಂಡ್ ಎಂಬ ಹೆಸರನ್ನು ಗಂಡುಮಗುವಾದರೆ ಇಡಬೇಕೆಂದುಕೊಂಡಿದ್ದೆ. ನಮ್ಮ ಮನೆಯ ಹಿರಿಯರ ಬಾಯಲ್ಲಿ ಅದು ಪರ್ಡಿನಾಂಡಾಗುವುದನ್ನು ಸಹಿಸಿಕೊಳ್ಳಲೂ ಸಿದ್ಧಳಿದ್ದೆ.

ಇಷ್ಟವಿಲ್ಲದ ಹೆಸರುಗಳನ್ನು ಪರೀಕ್ಷಿಸುವುದು ಇದಕ್ಕಿಂತ ಕಷ್ಟವಾಯಿತು, ಏಕೆಂದರೆ ಅವುಗಳಲ್ಲಿ ಎಷ್ಟು ನನ್ನವು, ಎಷ್ಟು ಸುತ್ತಲಿನವರಿಂದ ಅಂಟಿಕೊಂಡವು ಎಂಬುದನ್ನು ಬೇರ್ಪಡಿಸಬೇಕಿತ್ತು. ಅಡಾಲ್ಫ್ ಬೇಡವೆಂಬುದಕ್ಕೆ ಚರ್ಚೆಯೇ ಅನಗತ್ಯ. ಹಳೆಯ ಜರ್ಮನ್ ವೀರಗಾಥೆಗಳ ಜೀಗ್‌ಫ್ರೀಡ್, ಬ್ರುನ್‌ಹಿಲ್ಡೆಗಳ ವೀರಾವೇಶ ನನಗೆ ಹಿಡಿಸುವುದಿಲ್ಲ, ಅದು ನನ್ನದೇ ರುಚಿ. ಹೋರ್ಸ್ಟ್ ಎಂದರೆ ಇಂದಿನ ಆಡುಮಾತಿನಲ್ಲಿ ಪೆದ್ದ ಎಂಬರ್ಥವೂ ಇದೆ. ಹೆಸರಾಗಿ ಅದರಲ್ಲಿ ನನಗೆ ಯಾವ ದೋಷವೂ ಕಾಣುವುದಿಲ್ಲ. ಆದರೆ ಕೆವಿನ್? ಐರ್ಲೆಂಡಿನಿಂದ ಬಂದು 1990ರ ದಶಕದ ಆರಂಭದಲ್ಲಿ ಜರ್ಮನಿಯ ತುಂಬ ಹಬ್ಬಿದ ಈ ಹೆಸರನ್ನು ಕೇಳಿದೊಡನೆ ಓದಿಕೊಂಡವರು ಮುಗುಳ್ನಗುತ್ತಾರೆ. ಓಲ್ಡನ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಶಾಲಾ ಶಿಕ್ಷಕರು ಕೆವಿನ್ ಎಂಬ ಹೆಸರನ್ನು ತಂಟೆಕೋರತನದೊಂದಿಗೂ ಶಾರ್ಲೊಟೆ, ಮಕ್ಸಿಮಿಲಿಯಾನ್‌ನಂಥವನ್ನು ಒಳ್ಳೆಯ ನಡತೆಯೊಂದಿಗೂ ಜೋಡಿಸಿದ್ದರು. ನಗುವವರಿಗೆ ಆ ಹೆಸರಿನಲ್ಲಿ ಕೇಳಿಸುವುದು ತಂದೆತಾಯಿಯರ ಬಡತನ. ಹೆಸರು ಕೇಳಿಯೇ ಜಾತಿಯನ್ನು ಅಳೆಯುವ ಊರಿನಲ್ಲಿ ಬೆಳೆದ ನನಗೆ ಆ ನಗೆಯ ಪರಿಚಯ ಚೆನ್ನಾಗಿದ್ದುದರಿಂದ, ಕೆವಿನ್ ಮತ್ತು ಅದೇ ನಗೆಗೆ ಗುರಿಯಾಗುವ ಶಾಂಟಾಲ್‌ಗಳನ್ನು ನನ್ನ ಅನಿಷ್ಟಗಳ ಪಟ್ಟಿಯಿಂದ ಹೊಡೆದುಹಾಕಿದೆ. ನಮ್ಮ ಅತ್ತೆಯವರಿಗೆ ಇದು ಇಂದಿಗೂ ಸರಿಬಂದಿಲ್ಲ.

ಕೊನೆಗೆ ಹುಟ್ಟಿದ್ದು ಹೆಣ್ಣುಮಗು, ಉಳಿದದ್ದು ಕ್ಲಾರಾ ಎಂಬ ಹೆಸರು. ಮೂಲದಲ್ಲಿ ಅದು ಲ್ಯಾಟಿನ್ನಿನದಾದರೂ, ಯೂರೋ ಬರುವ ಮುನ್ನ ನೂರು ಮಾರ್ಕಿನ ನೋಟಿನ ಮೇಲಿದ್ದ ಪಿಯಾನೊ ವಾದಕಿ ಕ್ಲಾರಾ ಶೂಮನ್ ಅವರಿಂದಾಗಿ ಜರ್ಮನರಿಗೆ ಅದು ಮನೆಯದೇ ಹೆಸರು, ಮತ್ತು ಅಮ್ಮ ಅದನ್ನು ಒಮ್ಮೆಗೇ ಸರಿಯಾಗಿ ಹೇಳಿದರು. ಪತಿ ಆರಿಸಿದ್ದು ಸುಮನ. ಹೆಣ್ಣೋ ಗಂಡೋ ತಿಳಿಯದ ಹೆಸರನ್ನು ಕಚೇರಿ ಒಪ್ಪದೇ ಹೋದೀತೆಂಬ ಭಯ ನನಗಿತ್ತು. ಆದರೆ ಕಿರಣ್ ಎಂಬ ಭಾರತೀಯ ಹೆಸರನ್ನೇ ಕುರಿತ ಮೊಕದ್ದಮೆಯಲ್ಲಿ, ಹೆಸರು ಲಿಂಗವನ್ನು ಸೂಚಿಸಲೇಬೇಕೆಂಬ ನಿಯಮ ಕಾನೂನಿನಲ್ಲಿ ಇಲ್ಲವೆಂದು ಅಲ್ಲಿನ ಸಂವಿಧಾನ ನ್ಯಾಯಾಲಯ 2008ರಲ್ಲೇ ತೀರ್ಪಿತ್ತಿದೆಯೆಂದು ಪತಿ ತೋರಿಸಿಕೊಟ್ಟರು. ಆದರೆ ನನ್ನಂತೆ ಉಚ್ಚಾರವನ್ನು ಅವರು ಪರೀಕ್ಷಿಸಿರಲಿಲ್ಲ: ಬವೇರಿಯಾದಲ್ಲಿ ಸಕಾರ ಸಕಾರವಾಗಿಯೇ ಉಳಿಯುತ್ತದೆ, ಹ್ಯಾಂಬರ್ಗಿನ ಬಂಧುಗಳು ಮಾತ್ರ ಅವಳನ್ನು ‘ಜುಮಾನಾ’ ಎನ್ನುತ್ತಾರೆ.