‘ಆಗಲ್ಲ’ ಅಂದವರನ್ನೇ ನಂಬಿದೆ: ಡಯಾಲಿಸಿಸ್ ಗಾಡಿಯ ನಾಲ್ಕು ವರ್ಷ

ಕಿಡ್ನಿ ಕೆಟ್ಟು ಡಯಾಲಿಸಿಸ್ (ಮಷಿನ್‌ನಿಂದ ರಕ್ತ ಶುದ್ಧಿ) ಮಾಡಿಸುವವರನ್ನು ಆಸ್ಪತ್ರೆಗೆ ಕರೆದೊಯ್ಯುವ ನಮ್ಮ ಗಾಡಿಯ ಬಗ್ಗೆ, ನಮ್ಮ ಸಭೆಯ, ಅಂದರೆ ಚರ್ಚಿನ, ಕಮಿಟಿಯಲ್ಲಿ ಒಬ್ಬ ಹಿರಿಯರು ಅಂದಿದ್ದರು, “ಆರು ತಿಂಗಳು ನಡೆದರೆ ಜಾಸ್ತಿ.” ಈಗ ನಾಲ್ಕು ವರ್ಷ ದಾಟಿದೆ. ಅದಕ್ಕೇ ಬರೆಯುತ್ತಿದ್ದೇನೆ. ಸಭೆಗಳಲ್ಲಿ ದುಡಿಯುವವರಿಗೆ ಪ್ರೀತಿ, ವಿಧೇಯತೆ ಅಂದರೇನು ಎಂದು ನಾನು ಹೇಳಬೇಕಿಲ್ಲ. ಏನು ಕೆಟ್ಟಿತು, ಏನು ನಿಂತಿತು, ಎಷ್ಟು ಖರ್ಚಾಯಿತು, ಅಷ್ಟು ಹೇಳುತ್ತೇನೆ.

ನಮ್ಮದು ಉಡುಪಿ ಜಿಲ್ಲೆಯ ಸಣ್ಣ ಸಭೆ. ಅರವತ್ತು ಮನೆ ಇರಬಹುದು. 1923ರಲ್ಲಿ ಡಾಕ್ಟರ್ ಇವಾ ಲೊಂಬಾರ್ಡ್ ಉಡುಪಿಯಲ್ಲಿ ಆಸ್ಪತ್ರೆ ಶುರು ಮಾಡಿದ ಕಥೆ ಕೇಳುತ್ತಾ ಬೆಳೆದವರು ನಾವು. ಹಾಗಾಗಿ ಸೇವೆ ಅಂದರೆ ಕಟ್ಟಡ, ಡಾಕ್ಟರು, ದೊಡ್ಡ ದುಡ್ಡು ಎಂದೇ ನಮ್ಮವರ ಲೆಕ್ಕ. ನನಗೆ ಕಂಡದ್ದು ಬೇರೆ. ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಪುಕ್ಕಟೆ. ಆದರೆ ನಮ್ಮೂರಿಂದ ಅಲ್ಲಿಗೆ ಇಪ್ಪತ್ತೆಂಟು ಕಿಲೋಮೀಟರ್. ವಾರಕ್ಕೆ ಎರಡು ಸಲ, ಒಂದೊಂದು ಸಲ ನಾಲ್ಕು ಗಂಟೆ ಮಷಿನ್. ಮುಗಿದ ಮೇಲೆ ಬಿಪಿ ಇಳಿದು ತಲೆ ತಿರುಗುತ್ತದೆ, ಕಾಲಿನ ನರ ಹಿಡಿಯುತ್ತದೆ. ಆ ಸ್ಥಿತಿಯಲ್ಲಿ ಬಸ್ಸಿಗೆ ನಿಲ್ಲಲು ಯಾರಿಂದ ಆಗುತ್ತದೆ? ಆಟೋ ಕಾದು ವಾಪಸು ಬಂದರೆ ಎಂಟುನೂರು.

ಮೊದಲು ನಾವು ದುಡ್ಡು ಕೊಟ್ಟೆವು. ಕಾಣಿಕೆಯಿಂದ ತಿಂಗಳಿಗೆ ಮೂರು ಸಾವಿರ, ಆಟೋ ಬಾಡಿಗೆಗೆ ಎಂದು. ಒಂದು ಮನೆಯಲ್ಲಿ ಅದು ಮಗಳ ಸ್ಕೂಲ್ ಫೀಸಿಗೆ ಹೋಯಿತು, ಇನ್ನೊಂದರಲ್ಲಿ ಹಳೇ ಸಾಲಕ್ಕೆ. ನಾನು ಅವರನ್ನು ದೂರುವುದಿಲ್ಲ. ಆದರೆ ರೋಗಿ ಎರಡು ಸಲ ಮಷಿನ್ ತಪ್ಪಿಸಿದ್ದು ನಮಗೆ ಗೊತ್ತೇ ಆಗಲಿಲ್ಲ. ದುಡ್ಡು ಕಳಿಸಿದ ಮೇಲೆ ನಾವು ಆ ಮನೆ ಬಾಗಿಲಿಗೂ ಹೋಗಿರಲಿಲ್ಲ, ಅದೇ ತಪ್ಪು.

ಆಮೇಲೆ ಹಳೇ ಓಮ್ನಿ ವ್ಯಾನ್ ತೆಗೆದೆವು. ತೊಂಬತ್ತು, ತೊಂಬತ್ತೈದು ಸಾವಿರ ಆಗಿರಬೇಕು. ಅರ್ಧ ಬಂದದ್ದು ಸುಗ್ಗಿ ಹಬ್ಬದ ಏಲಂನಿಂದ. ಆ ವರ್ಷ ಒಂದು ಹಲಸಿನಹಣ್ಣು ನಾಲ್ಕೂವರೆ ಸಾವಿರಕ್ಕೆ ಹೋಯಿತು! ಭಾನುವಾರದ ಆರಾಧನೆಯಲ್ಲಿ, ಯಾರು ಗಾಡಿ ಓಡಿಸುತ್ತೀರಿ ಎಂದು ಕೇಳಿದೆ. ಇಪ್ಪತ್ಮೂರು ಕೈ ಎದ್ದವು. ಕೆಲವರ ಕಣ್ಣಲ್ಲಿ ನೀರಿತ್ತು. ಮೂರನೇ ವಾರಕ್ಕೆ ನಾಲ್ಕು ಜನ ಉಳಿದರು.

ಜುಲೈನ ಒಂದು ಮಂಗಳವಾರ, ಜೋರು ಮಳೆ. ಆ ದಿನದವರು ಬರಲಿಲ್ಲ. ಇನ್ನೊಬ್ಬರು ಹೋಗಿರುತ್ತಾರೆ ಎಂದು ನಾನೂ ಮಲಗಿಬಿಟ್ಟೆ. ಎಪ್ಪತ್ತು ದಾಟಿದ ಅಜ್ಜ ಐದು ಗಂಟೆಯಿಂದ ಕೊಡೆ ಹಿಡಿದು ರಸ್ತೆ ಬದಿ ಕಾದರು. ಮರುದಿನ ರಾತ್ರಿ ಉಸಿರಾಟ ಕಟ್ಟಿ ಐಸಿಯು ಸೇರಿದರು. ಉಳಿದರು, ದೇವರಿಗೆ ಸ್ತೋತ್ರ. ಆದರೆ ಆ ವಾರ ನನಗೆ ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗೆ ಆರಾಧನೆಯಲ್ಲಿ ಕೊಡುವ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಕೈ ಬರಲಿಲ್ಲ.

ಬೈಬಲಿನ ಮತ್ತಾಯನ ಸುವಾರ್ತೆಯ ಇಪ್ಪತ್ತೊಂದನೇ ಅಧ್ಯಾಯದ ಇಬ್ಬರು ಮಕ್ಕಳ ಕಥೆ ಆಗ ನನ್ನನ್ನು ಹಿಡಿಯಿತು. ಅಪ್ಪ ತೋಟಕ್ಕೆ ಹೋಗು ಅಂದಾಗ ಒಬ್ಬ ಹೋಗುತ್ತೇನೆ ಎಂದು ಹೋಗಲಿಲ್ಲ. ಇನ್ನೊಬ್ಬ ಹೋಗಲ್ಲ ಎಂದು, ಆಮೇಲೆ ಹೋದ. ನಾನು ಇಷ್ಟು ದಿನ ಹೋಗುತ್ತೇನೆ ಅಂದವನನ್ನೇ ಹುಡುಕುತ್ತಿದ್ದೆ, ಅಲ್ವಾ? ಹಾಗಾಗಿ ಭಾನುವಾರ ಕೈ ಎತ್ತದವರ ಮನೆಗೆ ಹೋದೆ. ಹೆಚ್ಚಿನವರು “ಆಗಲ್ಲ” ಅಂದರು. ಯಾಕೆ ಆಗಲ್ಲ ಎಂದು ಲೆಕ್ಕ ಹಾಕಿ ಹೇಳಿದವರ ಹೆಸರು ಮಾತ್ರ ಬರೆದುಕೊಂಡೆ. ಬೆಳಿಗ್ಗೆ ಹಾಲು ಕರೆಯಬೇಕು, ಮಗುವನ್ನು ಸ್ಕೂಲಿಗೆ ಬಿಡಬೇಕು ಅಂದವರು. ಅವರು ಆಗಲೇ ಮನಸ್ಸಲ್ಲಿ ಗಾಡಿ ಹತ್ತಿ ನೋಡಿದ್ದರು. ಎರಡನೇ ಸಲ ಹೋಗಿ ಅವರನ್ನು ಹೇಗೆ ಒಪ್ಪಿಸಿದೆ ಎಂಬುದನ್ನು ಇಲ್ಲಿ ಬರೆಯಲ್ಲ. ಅದು ನನ್ನ ಹತ್ತಿರವೇ ಇರಲಿ.

ಎಂಟು ಜನ ಸಿಕ್ಕರು. ಒಬ್ಬರಿಗೆ ಗೊತ್ತಾದ ದಿನ, ಒಬ್ಬರೇ ರೋಗಿ, ಇಡೀ ವರ್ಷ. ಬರಲು ಆಗದಿದ್ದರೆ ಬದಲಿ ಜನವನ್ನು ಅವರೇ ಹುಡುಕಬೇಕು, ನನಗೆ ಫೋನ್ ಮಾಡುವಂತಿಲ್ಲ. ಕಮಿಟಿಯಲ್ಲಿ ಇದಕ್ಕೇ ಗಲಾಟೆ. “ಪ್ರೀತಿ ಮನಸ್ಸಿಂದ ಬರಬೇಕು, ಪಟ್ಟಿ ಹಾಕಿ ಬರಿಸುವುದಾ?” ಎಂದು. ಯೇಸು ತನ್ನ ಕೊನೆಯ ರಾತ್ರಿ ಪ್ರೀತಿಯನ್ನು ಆಜ್ಞೆಯಾಗಿಯೇ ಕೊಟ್ಟ ಎಂದು ನಾನು ಹೇಳಿದೆ. ಆ ರಾತ್ರಿಯನ್ನು ನೆನೆಯುವ ಪವಿತ್ರ ಗುರುವಾರಕ್ಕೆ ಇಂಗ್ಲಿಷಿನವರು ಹೇಳುವ ಮಾಂಡಿ ಎಂಬ ಹೆಸರು ಬಂದದ್ದೂ ಆಜ್ಞೆ ಎಂಬರ್ಥದ ಲ್ಯಾಟಿನ್ ಪದದಿಂದ. ನಮ್ಮ ಪಾದ್ರಿ ಅಯ್ಯನವರು ನನ್ನ ಕಡೆ ನಿಂತರು. ಆ ಗುರುವಾರವೇ ಎಂಟು ಜನ ಪಟ್ಟಿಗೆ ಸಹಿ ಹಾಕಿದರು. ಅಲ್ಲಿಂದ ಇಲ್ಲಿಯವರೆಗೆ ನಮ್ಮಿಂದಾಗಿ ತಪ್ಪಿದ ಮಷಿನ್ ಮೂರೋ ನಾಲ್ಕೋ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಪ್ರೀತಿ ಇದ್ದರೂ ಕಲಿಯದೆ ಹೋಗಬೇಡಿ. ಮೊದಲ ತಿಂಗಳು ನಾವು ಪ್ರತಿ ರೋಗಿಗೂ ಎಳನೀರು, ಬಾಳೆಹಣ್ಣು ಒಯ್ದೆವು. ಕಿಡ್ನಿ ಕೆಟ್ಟವರಿಗೆ ಅದರ ಪೊಟ್ಯಾಶಿಯಂ ವಿಷದ ಹಾಗೆ, ಹೃದಯವನ್ನೇ ನಿಲ್ಲಿಸಬಹುದು. ಆಸ್ಪತ್ರೆಯ ನರ್ಸ್ ಸಿಸ್ಟರ್ ಬಯ್ದ ಮೇಲೆ ಗೊತ್ತಾಯಿತು. ಇನ್ನೊಮ್ಮೆ ನಮ್ಮ ಹುಡುಗ ಒಬ್ಬರನ್ನು ಏಳಿಸಲು ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಮಾಡಿದ ಕೈಯನ್ನೇ ಹಿಡಿದು ಎಳೆದ. ಅದು ಆ ಮನುಷ್ಯನ ಜೀವದ ದಾರಿ. ಈಗ ಹೊಸಬರು ಎರಡು ವಾರ ಸುಮ್ನೆ ಜೊತೆಗೆ ಹೋಗಿ ನೋಡಬೇಕು.

ಹೆಂಗಸರ ಕೂಟದವರು ನಡುವೆ ಹಿಡಿ ಅಕ್ಕಿ ಶುರು ಮಾಡಿದರು. ಮಿಜೋರಾಂ ಸಭೆಗಳಲ್ಲಿ 1910ರಿಂದ ನಡೆದು ಬಂದ ಪದ್ಧತಿ. ಅಡುಗೆ ಮಾಡುವಾಗೆಲ್ಲ ಒಂದು ಹಿಡಿ ತೆಗೆದಿಡುವುದು. ರೋಗಿಗಳ ಜೊತೆ ಬಂದವರಿಗೆ ಗಂಜಿ ಕೊಡೋಣ ಎಂದು. ತಿಂಗಳಿಗೆ ಹದಿನೆಂಟು ಕಿಲೋ ಬಂತು. ಆದರೆ ಕುಚ್ಚಲಕ್ಕಿ, ಸೋನಾ ಮಸೂರಿ, ರೇಷನ್ ಅಕ್ಕಿ ಎಲ್ಲ ಒಂದೇ ಡಬ್ಬಿಯಲ್ಲಿ! ಒಂದು ಬೇಯುವಾಗ ಇನ್ನೊಂದು ಕರಗಿ ಹೋಗಿರುತ್ತದೆ. ಕುಚ್ಚಲಕ್ಕಿ ಮಾತ್ರ ಎಂದು ಮಾಡಿದ ಮೇಲೆ ಸರಿಹೋಯಿತು. ಯೂತ್‌ನವರು ವಾರ್ಡಿನಲ್ಲಿ ಹಾಡಲು ಹೋದದ್ದು ಒಂದೇ ದಿನ. ಮಷಿನ್ ಮೇಲೆ ಮಲಗಿದವರಿಗೆ ನಿದ್ದೆ ಬೇಕು.

ನಮ್ಮ ಏಳು ರೋಗಿಗಳಲ್ಲಿ ಐವರು ಸಭೆಯವರಲ್ಲ. ಕರಪತ್ರ ಕೊಡುವುದಿಲ್ಲ. ಅವರಾಗಿ ಕೇಳಿದರೆ ಮಾತ್ರ ಪ್ರಾರ್ಥನೆ. ಬಾಡಿಗೆ ತೆಗೆದುಕೊಳ್ಳಲ್ಲ, ಬಿಳಿ ಬೋರ್ಡಿನ ಗಾಡಿಯಲ್ಲಿ ತೆಗೆದುಕೊಳ್ಳುವಂತೆಯೂ ಇಲ್ಲ. ಪೆಟ್ರೋಲು, ರಿಪೇರಿ, ಇನ್ಶೂರೆನ್ಸ್ ಸೇರಿ ತಿಂಗಳಿಗೆ ಹದಿನಾರು ಸಾವಿರದ ಹತ್ತಿರ. ಖಜಾಂಚಿ ಈಗ ತಕರಾರು ಮಾಡುವುದಿಲ್ಲ.

ಕೊಡೆ ಹಿಡಿದು ಕಾದ ಅಜ್ಜನಿಗೆ ಸಿಕ್ಕವರು ಹಾಲು ಕರೆಯಬೇಕು ಅಂದಿದ್ದ ನಮ್ಮ ಅಣ್ಣ. ಮೊದಲ ಮೂರು ತಿಂಗಳು ಇಬ್ಬರೂ ಗಾಡಿಯಲ್ಲಿ ಮಾತಾಡಿದವರಲ್ಲ. ಹೋದ ವರ್ಷ ಕ್ರಿಸ್ಮಸ್ ಬಂದದ್ದು ಅಜ್ಜನ ದಿನದಂದೇ. ಆರಾಧನೆ ತಪ್ಪಬಾರದು ಎಂದು ನಾನೇ ಬದಲಿ ಜನ ಗೊತ್ತು ಮಾಡಿದ್ದೆ. ಅಣ್ಣ ಒಪ್ಪಲಿಲ್ಲ. “ನಾನು ಹೋಗದಿದ್ದರೆ ಅವರು ಬೇರೆಯವರ ಕೈ ಹಿಡಿದು ಇಳಿಯುವುದಿಲ್ಲ ಮಾರಾಯ್ರೆ” ಅಂದರು. ನಾಲ್ಕೂವರೆಗೆ ಹಾಲು ಕರೆದು, ಇಸ್ತ್ರಿ ಮಾಡಿದ ಹೊಸ ಅಂಗಿ ಹಾಕಿಕೊಂಡೇ ಗಾಡಿ ತೆಗೆದರು. ಅಜ್ಜನನ್ನು ಮನೆಗೆ ಬಿಟ್ಟು ಅವರು ಬರುವಾಗ ನಾವು ದೇವಾಲಯದ ಬೆಂಚು ಒರೆಸುತ್ತಿದ್ದೆವು. ಅಯ್ಯನವರು ಅವರಿಗಾಗಿ ಕರ್ತನ ಭೋಜನದ ರೊಟ್ಟಿ ತೆಗೆದಿಟ್ಟಿದ್ದರು.